ಶಾವಿಗೆ ಮಣೆಯ ಕೆಳಗೆ ಕಲಿತ ಗಾಳ

ಹೋದ ವಾರ ನಮ್ಮ ಮನೆಗೆಲಸದ ಸುಶೀಲಾಬಾಯಿ ಶೋಕೇಸಿನ ಧೂಳು ಒರೆಸುತ್ತಿದ್ದವಳು ಒಮ್ಮೆಲೇ "ಅಗ ಬಾಯಿ!" ಎಂದು ಚೀರಿದಳು. ನಾನು ಪೇಪರು ಮಡಚಿ ಏಳುವಷ್ಟರಲ್ಲಿ ಆಕೆ ಬಚ್ಚಲ ಚಪ್ಪಲಿ ತಂದು, ಶೋಕೇಸಿನ ಅಂಚಿನಲ್ಲಿ ಕೂತಿದ್ದ ಹುಳವೊಂದನ್ನು ಪಟಪಟನೆ ಬಡಿದು, ಬಗ್ಗಿ ನೋಡಿ, ಅನುಮಾನ ಬಂದು ಇನ್ನೊಂದು ಏಟು ಹಾಕಿದ್ದಳು. ಆ ಹುಳ ಸಾಯಲಿಲ್ಲ. ಸಾಯಬೇಕಾದರೆ ಅದು ಎಂದಾದರೂ ಬದುಕಿರಬೇಕಿತ್ತಲ್ಲ! ಅದು ನಾನೇ ಕೈಯಾರೆ ಕೊಕ್ಕೆಯ ಮೇಲೆ ದಾರ ಸುತ್ತಿ ಮಾಡಿದ ಹುಳ.

ಪಾಪ, ಸುಶೀಲಾಬಾಯಿಗೆ ನಾಚಿಕೆಯಾಯಿತು. ನನಗೋ ಖುಷಿ ತಡೆಯಲಾಗಲಿಲ್ಲ. ಆ ಹುಳವನ್ನು ಹುಳವೆಂದು ಒಪ್ಪಿಕೊಳ್ಳಿರೆಂದು ನಾನು ವರ್ಷಗಟ್ಟಲೆ ಮೀನುಗಳ ಮುಂದೆ ಅಂಗಲಾಚಿದ್ದೇನೆ. ಈ ಪುಣ್ಯಾತ್ಗಿತ್ತಿ ಮೊದಲ ನೋಟಕ್ಕೇ ಒಪ್ಪಿಬಿಟ್ಟಳು. ಒಳಗಿನಿಂದ ಬಂದ ನನ್ನ ಹೆಂಡತಿ ಶಾಂತಾ ಚಪ್ಪಟೆಯಾದ ಹುಳವನ್ನು ನೋಡಿ, "ಮೀನ ಒಂದ ಬಿಟ್ಟು ಎಲ್ಲಾರೂ ಮೋಸ ಹೋಗ್ತಾರ ನೋಡ್ರಿ ನಿಮ್ಮ ಹುಳಕ್ಕ" ಎಂದಳು. ಈ ಮಾತು ಪೂರ್ತಿ ನಿಜವಲ್ಲ. ಲೆಕ್ಕಕ್ಕೆ ಹಿಡಿಯುವಂಥ ಒಂದು ಮೀನು ಮೋಸಹೋಗಿತ್ತು. ಇದೇ ಹುಳಕ್ಕೇ ಹೋಗಿತ್ತು. ಅದಕ್ಕೇ ಅದು ಶೋಕೇಸಿಗೆ ಏರಿದ್ದು.

ನಿಮಗೆ ನಿಂಫ್ ಎಂದರೆ ಏನೆಂದು ಗೊತ್ತಿರಲಿಕ್ಕಿಲ್ಲ. ತೊಂಬತ್ತರ ದಶಕದವರೆಗೆ ನನಗೂ ಗೊತ್ತಿರಲಿಲ್ಲ. ವಿಜಾಪುರದ ಕಡೆಯ ಹಳ್ಳಿಯವನು ನಾನು. ನಮ್ಮದು ಮೀನು ಮಾಂಸ ಮುಟ್ಟದ ಮನೆ. ಪುಣೆಯ ಪಕ್ಕದ ಭೋಸರಿಯ ಒಂದು ಕಾರಖಾನೆಯಲ್ಲಿ ಕಬ್ಬಿಣದ ಬಿಡಿಭಾಗಗಳನ್ನು ಅಳೆದು ಪಾಸು ಫೇಲು ಮಾಡುವುದು ನನ್ನ ಹೊಟ್ಟೆಪಾಡು. ಕೋಥರೂಡದ ನಮ್ಮ ಸೊಸೈಟಿಯಲ್ಲಿ ಮೇಲಿನ ಕಟ್ಟಕಡೆಯ ಅಂತಸ್ತಿನಲ್ಲಿ ಒಬ್ಬರು ನಿವೃತ್ತ ಸುಭೇದಾರರಿದ್ದರು. ಸಾತಾರಾ ಕಡೆಯ ಮರಾಠಿಯವರು. ಲಷ್ಕರದ ನೌಕರಿಯಲ್ಲಿ ಬೆಳಗಾವಿಯಲ್ಲಿ ಬಹಳ ವರ್ಷ ಇದ್ದುದರಿಂದ ನಮ್ಮ ಮಾತು ಅವರಿಗೆ ನೀರು ಕುಡಿದಷ್ಟು ಸಲೀಸು. ನಾವೆಲ್ಲ ಅವರನ್ನು ಕರೆಯುತ್ತಿದ್ದುದು ಸುಭೇದಾರ ಕಾಕಾ ಎಂದೇ. ಒಂದು ದಿನ ನೀರಿನ ಟಾಕಿ ತುಂಬಿತೋ ನೋಡಲು ಮೇಲಿನ ಗಚ್ಚಿಯ ಕೀಲಿ ಕೇಳಿಕೊಂಡು ಅವರ ಮನೆಗೆ ಹೋದರೆ, ಕಾಕಾ ಕಿಟಕಿಯ ಬೆಳಕಿಗೆ ಕೂತು ಅಕ್ಕಿಕಾಳಿನಷ್ಟು ಕೊಕ್ಕೆಗೆ ದಾರ ಸುತ್ತುತ್ತಿದ್ದರು. ಇದೇನೆಂದು ನಾನು ಕೇಳಿದೆ. ಕೇಳಬಾರದಿತ್ತು. ಆ ದಿನ ನಮ್ಮ ಟಾಕಿ ತುಂಬಿ ಸೋರಿ ಕೆಳಗಿನವರು ಕೂಗಾಡುವವರೆಗೂ ನಾನು ಕೀಲಿ ಹಿಡಿದುಕೊಂಡು ಅಲ್ಲೇ ಕೂತಿದ್ದೆ.

ನೀರಿನ ಹುಳ ರೆಕ್ಕೆ ಬರುವ ಮುಂಚೆ ನದಿಯ ತಳದ ಕಲ್ಲಿನ ಅಡಿಯಲ್ಲಿ ಬಾಲ್ಯ ಕಳೆಯುತ್ತದಂತೆ. ಆ ಮರಿಯೇ ನಿಂಫ್. ಅದರ ನಕಲನ್ನು ಕೊಕ್ಕೆಗೆ ಕಟ್ಟಿ ಮೀನು ಹಿಡಿಯುವುದು ಕಾಕಾರ ಹುಚ್ಚು. ಕಾಕಾ ವಿವರಿಸಿದ್ದು ಹೀಗೆ: "ರೆಕ್ಕಿ ಬಂದು ಹಾರೂ ಹುಳಾ ಮೀನಿಗೆ ಹಬ್ಬದ ಹೋಳಿಗಿ. ವರ್ಷಕ್ಕೊಮ್ಮೆ ಸಿಗ್ತದ. ಈ ನಿಂಫ್ ಅನ್ನೂದು ದಿನಾ ತಿನ್ನೂ ರೊಟ್ಟಿ. ನೀ ರೊಟ್ಟಿ ಮಾಡೂದ ಕಲಿ, ಹೋಳಿಗಿ ಆಮ್ಯಾಲ ನೋಡೋಣ." ಹಿಮಾಚಲದಲ್ಲಿ ನೌಕರಿ ಮಾಡುವಾಗ ಅವರ ಮೇಲಧಿಕಾರಿಯೊಬ್ಬ ಇದನ್ನು ಕಲಿಸಿದ್ದ. ಅಲ್ಲಿಯ ತೀರ್ಥನ್ ನದಿಯ ಟ್ರೌಟ್ ಮೀನಿನ ಮಾತು ತೆಗೆದರೆ ಕಾಕಾರ ದನಿಯೇ ಬೇರೆಯಾಗುತ್ತಿತ್ತು. ಪುಣೆಯ ಸುತ್ತ ಟ್ರೌಟ್ ಎಲ್ಲಿಂದ ಬರಬೇಕು? ಖಡಕವಾಸಲಾ ಅಣೆಕಟ್ಟು ದಾಟಿ ಮೇಲೆ ಹೋದರೆ, ಮಳೆಗಾಲ ಮುಗಿದ ಹೊಸತರಲ್ಲಿ ಕಲ್ಲುಗಳ ನಡುವೆ ತಿಳಿನೀರು ಹರಿಯುತ್ತಿತ್ತು. ಅಲ್ಲಿ ಬೆರಳುದ್ದದ ಬೆಳ್ಳಿ ಮೀನುಗಳಿದ್ದವು. ಅವುಗಳ ಮೇಲೆಯೇ ನಮ್ಮ ಅಭ್ಯಾಸ ಶುರುವಾಯಿತು.

ಹುಳ ಮಾಡುವುದರಲ್ಲಿ ನಾನು ಬಲು ಬೇಗ ಪಳಗಿದೆ. ಸುಟ್ಟುಹೋದ ಮಿಕ್ಸರಿನ ಮೋಟರಿನಿಂದ ತಾಮ್ರದ ತಂತಿ ಬಿಚ್ಚಿದೆ. ಶಾಂತಾಳ ಇಳಕಲ್ ಸೀರೆಯ ಸೆರಗಿನ ಕುಚ್ಚಿನಿಂದ ರೇಷ್ಮೆ ಎಳೆ ಎಗರಿಸಿದೆ. ಬೇಕಾದ್ದು ಇನ್ನು ನವಿಲುಗರಿ. ಅದು ಇದ್ದದ್ದು ದೇವರ ಕೋಣೆಯಲ್ಲಿ. ದಿನಕ್ಕೆ ಒಂದೊಂದೇ ಎಳೆ ಕಿತ್ತರೆ ಯಾರಿಗೂ ತಿಳಿಯದೆಂದುಕೊಂಡಿದ್ದೆ. ಒಂದು ಬೆಳಗ್ಗೆ ಅವ್ವ ಪೂಜೆಗೆ ಕೂತವಳು ಬೋಳು ಕಡ್ಡಿಯೊಂದನ್ನು ಹಿಡಿದುಕೊಂಡು ಹೊರಗೆ ಬಂದಳು.

"ಈರ್ಯಾ, ದೇವರ ಗರಿ ಬೋಳ ಯಾಕಾತು?"

ನಾನು ನಿಜ ಹೇಳಿದೆ. ಅವ್ವ ಕಡ್ಡಿ ನೋಡಿದಳು, ನನ್ನ ಮುಖ ನೋಡಿದಳು.

"ಮೀನ ತಿಂತೀ ಏನ?"

"ಇಲ್ಲಬೇ. ಹಿಡದು ಮತ್ತ ನೀರಿಗೇ ಬಿಡ್ತೀನಿ."

"ತಿನ್ನಾಕ ಹಿಡದರ ಒಂದ ಅರ್ಥ ಅದ. ಬಿಡಾಕ ಹಿಡೀತಾನಂತ ಶಾಣ್ಯಾ! ಹಿಡಿಯೂದ್ಯಾಕ, ಬಿಡೂದ್ಯಾಕ?"

ಆದರೆ ಮರುವಾರ ದೇವರ ಕೋಣೆಯಲ್ಲಿ ಎರಡು ಹೊಸ ಗರಿ ಕಂಡವು. ಒಂದು ದೇವರ ಹಿಂದೆ, ಇನ್ನೊಂದು ಕೈಗೆ ಎಟಕುವ ಹಾಗೆ ಗೂಟಕ್ಕೆ. ಅವ್ವನ ರೀತಿಯೇ ಹಾಗೆ.

ಹುಳವೇನೋ ಸೈ, ಆದರೆ ಗಾಳ? ಅಲ್ಲಿ ನನ್ನದು ದಿವಾಳಿ. ಹುಳವನ್ನು ಹರಿವಿನ ಮೇಲ್ಬದಿಗೆ ಎಸೆಯಬೇಕು. ಅದು ತಳ ಮುಟ್ಟಬೇಕು. ಆಮೇಲೆ ನೀರಿನ ಜೊತೆಗೇ, ನೀರಿನಷ್ಟೇ ವೇಗದಲ್ಲಿ, ಕಲ್ಲು ತಡವುತ್ತ ಉರುಳಿ ಬರಬೇಕು. ನೀವು ದಾರ ಎಳೆದಿರೋ, ಹುಳ ಈಜಿದಂತಾಗಿ ಮೀನಿಗೆ ಸಂಶಯ ಬರುತ್ತದೆ. ಸಡಿಲ ಬಿಟ್ಟಿರೋ, ಮೀನು ಬಾಯಿಗೆ ಹಾಕಿಕೊಂಡು, ರುಚಿಯಿಲ್ಲವೆಂದು ಉಗುಳಿ ಹೋದದ್ದು ನಿಮಗೆ ತಿಳಿಯುವುದೇ ಇಲ್ಲ. ದಾರಕ್ಕೆ ಒಂದು ಚೂರು ಕೆಂಪು ಉಲನ್ ಕಟ್ಟಿರುತ್ತಿದ್ದೆವು. ಅದು ಎಲ್ಲಿಯಾದರೂ ಕ್ಷಣ ತಡೆದು ನಿಂತರೆ ಮೀನು ಮುಟ್ಟಿದೆ ಎಂದರ್ಥ. ಆಗ ಕೋಲು ಎತ್ತಬೇಕು.

ನಾನು ಉಲನ್ನನ್ನು ಕಾರಖಾನೆಯ ಅಳತೆಯ ಮಾಪಕ ನೋಡಿದಂತೆ ಕಣ್ಣು ಪಿಳುಕಿಸದೆ ನೋಡುತ್ತಿದ್ದೆ. ಅದು ನಿಲ್ಲುತ್ತಿತ್ತು. ನಿಂತದ್ದು ನಿಜವೋ ಭ್ರಮೆಯೋ ಎಂದು ನಾನು ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಖಾತ್ರಿಯಾದ ಮೇಲೆ ಜೋರಾಗಿ ಎಳೆಯುತ್ತಿದ್ದೆ. ಅಷ್ಟರಲ್ಲಿ ಮೀನು ಸಂಸಾರ ಸಮೇತ ಊರು ಬಿಟ್ಟಿರುತ್ತಿತ್ತು. ಕೊಕ್ಕೆ ಬಂದು ಹಿಂದಿನ ಜಾಲಿಗಿಡಕ್ಕೆ ಸಿಗುತ್ತಿತ್ತು. ಆ ಗಿಡದಲ್ಲಿ ನನ್ನ ಹುಳಗಳು ದೀಪಾವಳಿಯ ಸರದ ಹಾಗೆ ತೂಗುತ್ತಿದ್ದವು. ಒಮ್ಮೆಯಂತೂ ನನ್ನದೇ ಉಣ್ಣೆಯ ಟೊಪ್ಪಿಗೆಯನ್ನು ಹಿಡಿದು ನೀರಿಗೆ ಒಗೆದಿದ್ದೆ. "ಒಳ್ಳೇ ಮೀನ ಸಿಕ್ಕದ ಬಿಡು, ಉಣ್ಣಿ ಮೀನ" ಎಂದು ಕಾಕಾ ದಂಡೆಯಲ್ಲಿ ಬಿದ್ದು ಬಿದ್ದು ನಕ್ಕಿದ್ದರು.

ಮೊದಮೊದಲು ಕಾಕಾ ತಮ್ಮದೂ ಒಂದು ಕೋಲು ತರುತ್ತಿದ್ದರು. ಬರುಬರುತ್ತ ತರುವುದು ಬಿಟ್ಟರು. ನಾನು ಕೇಳಿದರೆ, "ನೀ ಹಿಡಿ, ನಾ ನೋಡ್ತೀನಿ" ಎನ್ನುತ್ತಿದ್ದರು. ಇದು ಗುರುವಿನ ಔದಾರ್ಯವೆಂದು ನಾನು ತಿಳಿದಿದ್ದೆ. ಒಂದು ಸಂಜೆ ಮೆಟ್ಟಿಲಲ್ಲಿ ಅವರ ಹೆಂಡತಿ, ಕಾಕಿ, ಸಿಕ್ಕು ನಿಜ ಹೇಳಿದರು. ಕಾಕಾರ ಕಣ್ಣಿನ ನರಗಳು ಒಣಗುತ್ತಿದ್ದವು. ಹೋದ ದೃಷ್ಟಿ ಮರಳುವುದಿಲ್ಲ, ಇದ್ದಷ್ಟನ್ನು ಔಷಧ ಬಿಟ್ಟು ಕಾಯಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಕೆಂಪು ಉಲನ್ ಅವರಿಗೆ ಕಾಣದಾಗಿ ಆಗಲೇ ವರ್ಷವಾಗಿತ್ತು.

ನಾನು ಮೇಲೆ ಹೋಗಿ ಕೂತೆ. ಕಾಕಾ ತಾವೇ ಶುರುಮಾಡಿದರು.

"ದೀಪಾವಳಿ ಮುಂಚೆ ತೀರ್ಥನ್‌ಗೆ ಹೋಗಿ ಬರೋಣ ಈರಣ್ಣಾ. ನೀ ಒಂದು ಟ್ರೌಟ್ ಹಿಡಿ. ಇನ್ನೂ ಸ್ವಲ್ಪ ಕಾಣೂದರಾಗ ನೋಡಿ ಬಿಡ್ತೀನಿ."

"ನೀವೂ ಹಿಡೀರಿ ಕಾಕಾ."

"ಇಲ್ಲೋ ಬಾಬಾ. ಕಾಣದವನ ಕೈಯಾಗ ಗಾಳ ಕೊಟ್ಟರ ಏನ ಮಾಡ್ಯಾನು? ನಂದು ಮುಗೀತು."

ಅವರು ಅದನ್ನು ಹವಾಮಾನ ಹೇಳಿದಷ್ಟು ಸಹಜವಾಗಿ ಹೇಳಿದರು. ಆದರೆ ಆ ಮನುಷ್ಯನಿಗೆ ನದಿ ಮುಗಿಯುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಮೇಲಾಗಿ ಅವರ ಕೊನೆಯ ಟ್ರೌಟ್‌ನ ಭಾರ ಯಾರ ಮೇಲೆ ಬಂದಿತ್ತು ನೋಡಿ! ಟೊಪ್ಪಿಗೆ ಹಿಡಿಯುವ ವೀರನ ಮೇಲೆ.

ಇಲ್ಲಿ ನಾನು ಸ್ವಲ್ಪ ಶಾವಿಗೆಯ ಸುದ್ದಿಗೆ ಹೋಗಬೇಕು. ಸಿಟ್ಟಾಗಬೇಡಿ, ದಾರಿ ತಪ್ಪಿಲ್ಲ.

ನಮ್ಮ ಕಡೆ ಬೇಸಿಗೆ ಬಂತೆಂದರೆ ಶಾವಿಗೆ ಹೊಸೆಯುತ್ತಾರೆ. ಎತ್ತರಕ್ಕೆ ಓರೆಯಾಗಿ ಇಟ್ಟ ಉದ್ದನೆಯ ಮಣೆಯ ಮೇಲ್ತುದಿಯಲ್ಲಿ ಒಬ್ಬಳು ಕೂತು, ಎಣ್ಣೆ ಹಚ್ಚಿ ನಾದಿದ ಗೋದಿಯ ಕಣಕವನ್ನು ಅಂಗೈಯಿಂದ ಹೊಸೆಯುತ್ತ ಎಳೆ ಇಳಿಬಿಡುತ್ತಾಳೆ. ಕೆಳಗೆ ಕೂತ ಇನ್ನೊಬ್ಬಳು ಆ ಎಳೆಯನ್ನು ಕೈಯಲ್ಲಿ ತೆಗೆದುಕೊಂಡು ಹದವಾಗಿ ಹಿಗ್ಗಿಸಿ ಕೋಲಿನ ಮೇಲೆ ಒಣಹಾಕುತ್ತಾಳೆ. ಮೇಲಿನವಳಿಗೆ ಹೆಸರು, ಕೆಳಗಿನವಳಿಗೆ ಬೈಗುಳ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲದ್ದರಿಂದ ಚಿಕ್ಕಂದಿನಲ್ಲಿ ಕೆಳಗೆ ಕೂರುವ ಪಾಳಿ ನನ್ನದೇ. ಗೆಳೆಯರು ಬೇಲಿಯಾಚೆ ನಿಂತು "ಈರವ್ವಾ, ಈರವ್ವಾ" ಎಂದು ಕೂಗುತ್ತಿದ್ದರು. ಅವಮಾನ ಒಂದು ಕಡೆ, ಹರಿದ ಹಸಿ ಎಳೆಗಳನ್ನು ಬಾಯಿಗೆ ಹಾಕಿಕೊಳ್ಳುವ ಸುಖ ಇನ್ನೊಂದು ಕಡೆ. ಎಣ್ಣೆ, ಉಪ್ಪು, ಹಸಿ ಗೋದಿಯ ಆ ವಾಸನೆ ಇವತ್ತಿಗೂ ನನ್ನನ್ನು ನಡುಬೀದಿಯಲ್ಲಿ ನಿಲ್ಲಿಸಬಲ್ಲದು.

ಅವ್ವ ಪುಣೆಗೆ ಬರುವಾಗ ಆ ಮಣೆಯನ್ನೂ ಹೊತ್ತು ತಂದಿದ್ದಳು. ಸೊಲ್ಲಾಪುರದಿಂದ ಎಸ್.ಟಿ. ಬಸ್ಸಿನ ನಡುದಾರಿಯಲ್ಲಿ ಅದನ್ನು ಅಡ್ಡ ಮಲಗಿಸಿ, ಕಂಡಕ್ಟರನ ಜೊತೆ ಕನ್ನಡದಲ್ಲೇ ಜಗಳಾಡಿ ಗೆದ್ದು ಬಂದವಳು. ಇಂದಾಪುರದಲ್ಲಿ ಹತ್ತಿದ ಕಬ್ಬು ಬೆಳೆಯುವ ಗೌಡನೊಬ್ಬ ಅದನ್ನು ಬೆಂಚೆಂದು ತಿಳಿದು ಕೂತು ಪುಣೆಯ ಸ್ವಾರಗೇಟದವರೆಗೂ ಎದ್ದಿರಲಿಲ್ಲವಂತೆ. ಎಷ್ಟೋ ದಿನ ಅವ್ವ ಅವನಿಗೆ ಶಾಪ ಹಾಕುತ್ತಿದ್ದಳು.

ಕಾಕಾ ತಮ್ಮದು ಮುಗಿಯಿತೆಂದ ಆ ವರ್ಷದ ಬೇಸಿಗೆ. ಸೊಸೈಟಿಯ ಗಚ್ಚಿಯ ಮೇಲೆ ಮಣೆ ಏರಿತು. ಪ್ರತಿವರ್ಷ ಎಳೆ ಹಿಡಿಯುತ್ತಿದ್ದ ಶಾಂತಾಳ ಅಂಗೈಗೆ ಕುಕ್ಕರಿನ ಉಗಿ ತಗುಲಿ ಬೊಬ್ಬೆ ಎದ್ದಿತ್ತು. ಅವ್ವ ಮೇಲಿಂದಲೇ ಕೂಗಿದಳು, "ಈರ್ಯಾ, ಬಾ, ಕೆಳಗ ಕೂಡು." ನಲವತ್ತು ದಾಟಿದ ಗಂಡಸು ನಾನು ಚಡ್ಡಿಯ ಕಾಲದ ಹಾಗೆ ಹೋಗಿ ಕೂತೆ. ಕೆಳಮನೆಯ ಉಡುಪಿ ಹೋಟೆಲಿನವರ ವಸಂತಿಯಕ್ಕ ನೋಡಲು ಬಂದವರು, "ನಮ್ಮಲ್ಲಿ ಶಾವಿಗೆ ಒರಳಿನಲ್ಲಿ ಹಾಕಿ ಒತ್ತಿದರೆ ಆಯ್ತು ಮಾರಾಯ್ರೆ, ಇಷ್ಟೆಲ್ಲಾ ಸರ್ಕಸ್ ಯಾಕೆ?" ಎಂದು ನಕ್ಕರು. "ಒತ್ತಿದ್ದು ಒತ್ತಿದ್ದ, ಹೊಸದದ್ದು ಹೊಸದದ್ದ" ಎಂದು ಅವ್ವ ಆ ವಿಷಯವನ್ನು ಅಲ್ಲಿಗೇ ಮುಗಿಸಿದಳು.

ಕಾಕಾ ಟಾಕಿಯ ನೆರಳಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ತೀರ್ಥನ್‌ಗೆ ಹೋಗಲು ರೈಲಿನ ಮಾತು ಬಂತು. ನಾನು ಅವರ ಕಡೆ ತಿರುಗಿ ಉತ್ತರ ಕೊಡುತ್ತಿದ್ದೆ, ಕೈ ತನ್ನ ಪಾಡಿಗೆ ಎಳೆ ತೆಗೆದುಕೊಳ್ಳುತ್ತಿತ್ತು. ನಡುವೆ ಎಲ್ಲೋ ಎಳೆ ಸಣ್ಣಗಾಯಿತು, ಕೈ ಒಂದಿಷ್ಟು ಮೇಲೆ ಹೋಯಿತು, ಮತ್ತೆ ಇಳಿಯಿತು. ಕಾಕಾರಿಗೆ ಎಳೆ ಕಾಣದಿದ್ದರೂ ಬೆಳಕಿಗೆ ಎದುರಾಗಿದ್ದ ನನ್ನ ಕೈ ಮಸುಕಾಗಿ ಕಂಡಿರಬೇಕು.

"ಈಗ ಕೈ ಯಾಕ ಎತ್ತಿದಿ?"

"ಎಳಿ ಹರಿಯೂದಿತ್ತು ಕಾಕಾ."

"ನೀ ಅದರ ಕಡೆ ನೋಡ್ಲೇ ಇಲ್ಲಲ್ಲ?"

"ನೋಡೂದೇನದ ಅದರಾಗ? ಕೈಗೆ ಗೊತ್ತಾಗ್ತದ."

ಕಾಕಾ ಕುರ್ಚಿಯಿಂದ ಎದ್ದರು. ಮುಖ ಕೆಂಪಗಾಗಿತ್ತು. "ಅರೇ ಮೂರ್ಖಾ! ಇಷ್ಟು ವರ್ಷ ಜಗ್ಗಬ್ಯಾಡ, ಸಡ್ಲ ಬಿಡಬ್ಯಾಡ ಅಂತ ಹೊಯ್ಕೋತ ಬಂದೆ. ನದಿಗೆ ಬರಮುಂದ ಈ ಕೈ ಮನ್ಯಾಗ ಇಟ್ಟು ಬರ್ತಿದ್ದಿ ಏನು?" ವಸಂತಿಯಕ್ಕ ಹೆದರಿ ಮೆಟ್ಟಿಲಿನ ಕಡೆ ಸರಿದರು. ಅವ್ವ ಹೊಸೆಯುವುದನ್ನು ನಿಲ್ಲಿಸಿದಳು. ಆಮೇಲೆ ಕಾಕಾ ನನ್ನ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತು, ಪರೀಕ್ಷೆ ಬರೆಯಲು ಬಂದವರ ಹಾಗೆ ಮೆತ್ತಗೆ ಕೇಳಿದರು.

"ನನ್ನ ಕೈಗೂ ಗೊತ್ತಾದೀತೇನು?"

ನಾನು ಎದ್ದು ಜಾಗ ಬಿಟ್ಟೆ.

ಅವ್ವ ಮೊದಲು ಒಪ್ಪಲಿಲ್ಲ. ಲಷ್ಕರದ ಮನುಷ್ಯ, ಮೇಲಾಗಿ ನೆರೆಮನೆಯ ಹಿರಿಯ, ಹೀಗೆ ಕೆಳಗೆ ಕೂರಿಸುವುದೇ ಎಂದು ಸಂಕೋಚ. ಎಳೆ ಇಳಿಯತೊಡಗಿದ ಮೇಲೆ ಆ ಸಂಕೋಚ ಗಾಳಿಗೆ ಹಾರಿತು. "ಸುಭೇದಾರ್ರ, ಅದು ಶಾವಿಗಿರಿ, ತೋಪು ಜಗ್ಗೂ ಹಗ್ಗ ಅಲ್ರಿ!" "ಕಾಯಬ್ಯಾಡ್ರಿ, ಅದರ ಕೂಡ ಬರ್ರಿ." "ಹರೀತು! ಮತ್ತ ಹರೀತು! ತಿಂದ ಬಿಡ್ರಿ ಅದನ್ನ." ಕಾಕಾ ಆ ದಿನ ಹರಿದ ಎಳೆಗಳನ್ನು ತಿಂದೇ ಹೊಟ್ಟೆ ತುಂಬಿಸಿಕೊಂಡರು. ಮರುದಿನ ಅವ್ವ ಮೇಲೇರುವ ಮುಂಚೆಯೇ ಕೈ ತೊಳೆದುಕೊಂಡು ಹಾಜರಿದ್ದರು. ನಮ್ಮದು ಮುಗಿದ ಮೇಲೆ ಆ ಕಡೆಯ ಸೊಸೈಟಿಯ ಕಲಬುರ್ಗಿಯವರ ಮನೆಗೂ ಅವ್ವನ ಹಿಂದೆ ಹೋದರು. ಬೇಸಿಗೆ ಮುಗಿಯುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಎಳೆ ತೆಗೆಯುತ್ತ, ಎಲ್ಲಿ ಸಣ್ಣಗಾಯಿತು, ಎಲ್ಲಿ ಗಂಟು ಬಂತು ಎಂದು ಅವ್ವನಿಗೇ ಹೇಳುತ್ತಿದ್ದರು. "ಕಣಕ ಇವತ್ತ ಸ್ವಲ್ಪ ಒಣಾ ಆಗ್ಯದರಿ ಅವ್ವಾ" ಎಂದ ದಿನ ಅವ್ವ ಬಾಯಿ ಮೇಲೆ ಕೈಯಿಟ್ಟುಕೊಂಡಿದ್ದಳು. ಆದರೂ ನದಿಯ ಮಾತು ತೆಗೆದರೆ ಕಾಕಾ, "ಶಾವಿಗಿ ಬ್ಯಾರೆ, ನದಿ ಬ್ಯಾರೆ" ಎಂದು ಮಾತು ಮರೆಸುತ್ತಿದ್ದರು.

ಮಳೆಗಾಲ ಕಳೆದು ನಾವು ತೀರ್ಥನ್ ದಂಡೆ ಸೇರಿದೆವು. ಆ ನೀರನ್ನು ಏನೆಂದು ಹೇಳಲಿ! ನಡುಮಟ್ಟ ಆಳದಲ್ಲಿ ಬಿದ್ದ ಕಲ್ಲಿನ ಮೇಲಿನ ಗೆರೆಯೂ ಕಾಣುತ್ತದೆ. ಕಾಲಿಟ್ಟರೆ ಚಳಿ ಮಂಡೆಗೆ ಏರುತ್ತದೆ. ಕಾಕಾ ತಮ್ಮ ಕೋಲು ತಂದಿರಲಿಲ್ಲ. ಒಂದು ಬಂಡೆಯ ಮೇಲೆ ಕೂತು, "ಹಿಡಿ" ಎಂದರು. ನಾನು ಹಿಡಿಯಲು ನಿಂತೆ. ನನ್ನ ಕೈಯೂ ಬೇಸಿಗೆಯಿಂದ ಸುಧಾರಿಸಿತ್ತು, ಪುಣೆಯ ಬೆಳ್ಳಿ ಮೀನುಗಳು ಆಗೊಮ್ಮೆ ಈಗೊಮ್ಮೆ ಬರತೊಡಗಿದ್ದವು. ಆದರೆ ಅಲ್ಲಿ ಕಾಕಾರ ಕೊನೆಯ ಟ್ರೌಟ್ ಎಂಬ ಭಾರ ತಲೆಯ ಮೇಲೆ ಕೂತು, ನಾನು ಮತ್ತೆ ಕೆಂಪು ಉಲನ್ನನ್ನೇ ಗುರಾಯಿಸತೊಡಗಿದೆ. ಹಿಮಾಚಲದಲ್ಲಿ ಜಾಲಿಗಿಡವಿಲ್ಲ, ದೇವದಾರು ಇದೆ. ಅಷ್ಟೇ ವ್ಯತ್ಯಾಸ.

ಹೊರಡುವ ದಿನದ ಬೆಳಗ್ಗೆಯೂ ಹಾಗೇ ಆಯಿತು. ಉಲನ್ ನಿಂತಿತು, ನಾನು ಯೋಚಿಸಿದೆ, ಎಳೆದೆ, ಬರಿಗೊಕ್ಕೆ ಬಂತು. ನಾನು ನಾಚಿಕೆಯಿಂದ ತಲೆ ತಗ್ಗಿಸಿ, "ಆಗಲಿಲ್ಲ ಕಾಕಾ" ಎಂದೆ. ಅವರು ಬಂಡೆಯಿಂದ ಇಳಿದು ನೀರು ತಡವುತ್ತ ಬಂದರು.

"ಕೊಡು ಇತ್ತ."

ದಾರ ಹುಡುಕಿ, ಉಲನ್ನಿನ ಚೂರನ್ನು ಹಲ್ಲಿನಿಂದ ಕಚ್ಚಿ ಕಿತ್ತು ಉಗುಳಿದರು. ಕೊಕ್ಕೆಯಲ್ಲಿದ್ದದ್ದು ದೇವರ ಕೋಣೆಯ ನವಿಲುಗರಿಯ ಇದೇ ಹುಳ. ಎಸೆಯುವುದನ್ನು ಅವರ ತೋಳು ಮರೆತಿರಲಿಲ್ಲ. ಎಸೆದು ಕೋಲನ್ನು ಎತ್ತರ ಹಿಡಿದು, ದಾರವನ್ನು ಎಡಗೈಯ ಬೆರಳ ತುದಿಯಲ್ಲಿ ಶಾವಿಗೆಯ ಎಳೆಯ ಹಾಗೆ ತೆಗೆದುಕೊಂಡರು. ಕಣ್ಣು ಮುಚ್ಚಿದ್ದರು. ತುಟಿ ಅಲುಗುತ್ತಿತ್ತು. ಹತ್ತಿರ ಹೋಗಿ ಕೇಳಿದರೆ ಅವ್ವನ ಮಾತು: "ಜಗ್ಗಬ್ಯಾಡ್ರಿ, ಕಾಯಬ್ಯಾಡ್ರಿ, ಅದರ ಕೂಡ ಬರ್ರಿ." ಮತ್ತೆ ಎಸೆದರು, ಮತ್ತೆ ಅದೇ ಜಪ.

ನಾನು ದಾರವನ್ನೇ ನೋಡುತ್ತಿದ್ದೆ, ಪ್ರಮಾಣ ಮಾಡಿ ಹೇಳುತ್ತೇನೆ, ಅದು ಎಲ್ಲಿಯೂ ನಿಲ್ಲಲಿಲ್ಲ. ಕಾಕಾರ ಕೈ ಎದ್ದಿತು, ಗಚ್ಚಿಯ ಮೇಲೆ ಏಳುತ್ತಿದ್ದಷ್ಟೇ. ಕೋಲು ಬಿಲ್ಲಿನಂತೆ ಬಾಗಿತು.

"ಅವ್ವಾ!" ಎಂದು ಕೂಗಿದರು ಕಾಕಾ. ನನ್ನನ್ನಲ್ಲ, ದೇವರನ್ನೂ ಅಲ್ಲ, ಕೋಥರೂಡದಲ್ಲಿದ್ದ ನಮ್ಮವ್ವನನ್ನು.

ಮೀನು ಅತ್ತ ಓಡಿತು, ಇತ್ತ ಓಡಿತು, ಕೊನೆಗೆ ದಣಿದು ನನ್ನ ಒದ್ದೆ ಅಂಗೈಗೆ ಬಂತು. ಕಾಕಾ ಮುಖವನ್ನು ತೀರ ಹತ್ತಿರ ತಂದರು. ಕಾಣಲಿಲ್ಲವೇನೋ. "ಹ್ಯಾಂಗದ, ಹೇಳು" ಎಂದರು.

"ಹೊಟ್ಟಿ ಬೆಣ್ಣಿ ಬಣ್ಣ ಕಾಕಾ. ಬೆನ್ನು ಹೊಸಾ ಬೆಲ್ಲದ್ದು. ಮೈತುಂಬ ಕುಂಕುಮದ ಬೊಟ್ಟು. ಒಂದೊಂದು ಬೊಟ್ಟಿನ ಸುತ್ತ ವಿಭೂತಿ ಹಚ್ಚಿದಂಗ ಬಿಳೀ ಉಂಗುರ."

"ಹಾಂ. ಅದ. ಅದ ಅದು" ಎಂದರು ಕಾಕಾ. ಅವರ ಕಣ್ಣಲ್ಲಿ ನೀರಿತ್ತು. ನನಗೂ ಅಳು ಬಂತು. ಬಂದ ಅಳುವನ್ನು ಯಾರಿಗೆ ಮುಚ್ಚಿಡಬೇಕು ಅಲ್ಲಿ? ಗಟ್ಟಿಯಾಗಿಯೇ ಅತ್ತೆ. ಕಾಕಾ ಕೊಕ್ಕೆ ಬಿಡಿಸಿ, ಮೀನನ್ನು ಹರಿವಿಗೆ ಎದುರಾಗಿ ನೀರಲ್ಲಿ ಹಿಡಿದುಕೊಂಡು, ಅದು ತಾನಾಗಿ ಬಾಲ ಬಡಿದು ಹೋಗುವವರೆಗೂ ಕಾದರು.

ಪುಣೆಯಲ್ಲಿ ಅವ್ವ ಬಾಗಿಲಲ್ಲೇ ನಿಂತಿದ್ದಳು. "ಸಿಕ್ಕಿತೇನ್ರಿ ಸುಭೇದಾರ್ರ?"

"ಸಿಕ್ಕಿತರಿ ಅವ್ವಾ. ಬಿಟ್ಟು ಬಂದೆ."

"ಅದ ಮತ್ತ! ಅಷ್ಟ ದೂರ ಹೋಗೂದ್ಯಾಕ, ಹಿಡಿಯೂದ್ಯಾಕ, ಬಿಡೂದ್ಯಾಕ?" ಎನ್ನುತ್ತಲೇ ಒಳಗೆ ಹೋಗಿ ಶಾವಿಗೆ ಪಾಯಸಕ್ಕೆ ಹಾಲಿಟ್ಟಳು. ತಟ್ಟೆಯ ಮುಂದೆ ಕೂತಾಗ ಮೆಲ್ಲಗೆ ಕೇಳಿದಳು, "ಅದಕ್ಕೇನೂ ಪೆಟ್ಟಾಗಿದ್ದಿಲ್ಲ ಹೌದಿಲ್ಲೋ? ತನ್ನ ಮನೀಗೆ ನೆಟ್ಟಗ ಹೋತಿಲ್ಲೋ?"

ಈಗ ಅವ್ವನಿಗೆ ಹೊಸೆಯಲು ಶಕ್ತಿಯಿಲ್ಲ. ಮಣೆಯ ಮೇಲೆ ಶಾಂತಾ ಕೂರುತ್ತಾಳೆ, ಅವ್ವ ಕುರ್ಚಿಯಲ್ಲಿ ಕೂತು ಇಬ್ಬರನ್ನೂ ಬೈಯುತ್ತಾಳೆ. ಕೆಳಗಿನ ಜಾಗ ಮಾತ್ರ ಕಾಕಾರದೇ. ಬೇಸಿಗೆ ಬಂದರೆ ಕೋಥರೂಡದ ಕನ್ನಡದ ಮನೆಗಳಿಂದ "ಸುಭೇದಾರರು ಯಾವತ್ತು ಬಿಡುವಾಗಿದ್ದಾರೆ?" ಎಂದು ಕೇಳಿಕೊಂಡು ಬರುತ್ತಾರೆ. ಅವರಿಗೆ ಈಗ ಬೆಳಕು ಕತ್ತಲೆಯಷ್ಟೇ ಗೊತ್ತಾಗುತ್ತದೆ. ನನಗೆ ಇವತ್ತಿನವರೆಗೂ ಟ್ರೌಟ್ ಸಿಕ್ಕಿಲ್ಲ. ಸಿಗದಿದ್ದರೂ ನನಗೇನೂ ಕಡಿಮೆಯಾಗಿಲ್ಲ.

ಸುಶೀಲಾಬಾಯಿ ಜಜ್ಜಿದ ಹುಳವನ್ನು ಆ ಸಂಜೆಯೇ ಮೇಲೆ ಒಯ್ದು ಕಾಕಾರ ಅಂಗೈಯಲ್ಲಿಟ್ಟೆ. ಚಪ್ಪಲಿಯ ಕಥೆ ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬೆರಳ ತುದಿಯಿಂದ ಅದರ ತಲೆ, ಬೆನ್ನು, ತಾಮ್ರದ ಸುತ್ತು ಎಲ್ಲ ಸವರಿ ನೋಡಿದರು.

"ಬಾಲ ಹೋಗ್ಯದ. ಕೊಕ್ಕಿ ಗಟ್ಟಿ ಅದ. ನಿಮ್ಮ ದೇವರ ಕೋಣ್ಯಾಗ ಗರಿ ಉಳದದೇನು?"

"ಅವ್ವ ಇಟ್ಟಾಳ ಕಾಕಾ."

"ಹಂಗಾರ ಬಾಲ ಕಟ್ಟು. ರವಿವಾರ ಮುಂಜಾನೆ ಸ್ಕೂಟರ್ ತಗಿ, ಖಡಕವಾಸಲಾ ಕಡೆ ಹೋಗಿ ಬರೋಣ" ಎಂದು ಕಾಕಾ ಹುಳವನ್ನು ನನ್ನ ಕೈಗೆ ಮರಳಿಸಿದರು. "ನಾ ಹಿಡೀತೀನಿ, ನೀ ನೋಡು."